ಕೋಳಿ ಇರುವ ಮನೆಗೆ ಯಾವ ನಾಯಿ ತರಬೇಕು? ಹೇಗೆ ಪಳಗಿಸಬೇಕು?

ಕೊಪ್ಪದ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪದ ಹತ್ತಿರ ಅಡಿಕೆ ತೋಟ. ಮನೆ ಸುತ್ತ ನಾಟಿ ಕೋಳಿ ಬಿಟ್ಟು ಸಾಕುತ್ತೇವೆ, ಜೊತೆಗೆ ಗಿರಿರಾಜ ತಳಿಯ ಕೋಳಿಗಳೂ ಸ್ವಲ್ಪ ಇವೆ. ಹಗಲೆಲ್ಲ ತೋಟದಲ್ಲಿ ಕೆದಕಿಕೊಂಡು ಇರುತ್ತವೆ, ಸಂಜೆ ತಾವೇ ಗೂಡಿಗೆ ಬರುತ್ತವೆ. ಹಳೆಯ ನಾಯಿ ವಯಸ್ಸಾಗಿ ತೀರಿಕೊಂಡಿತು. ಅದು ಹೋದ ಮೇಲೆ ಮುಂಗುಸಿ, ಕಾಡುಬೆಕ್ಕಿನ ಕಾಟ ಜಾಸ್ತಿಯಾಗಿದೆ. ಮರಿಗಳು ಒಂದೂ ಉಳಿಯುತ್ತಿಲ್ಲ.

ಹೊಸ ನಾಯಿ ತರಬೇಕು. ಕೋಳಿ ಕಾದರೆ ಸಂತೋಷ. ಕಾಯದಿದ್ದರೂ ಪರವಾಗಿಲ್ಲ, ನಾಯಿಯೇ ಕೋಳಿಗೆ ಬಾಯಿ ಹಾಕಬಾರದು. ಮಗನಿಗೆ ಲ್ಯಾಬ್ರಡಾರ್ ಬೇಕು. ಯಜಮಾನರು ಮುಧೋಳ ನಾಯಿ ಅಂತಾರೆ. ಅತ್ತೆ ಮಾತ್ರ "ಊರ ನಾಯಿಮರಿ ಒಂದು ತಂದರೆ ಸಾಕು" ಅನ್ನುತ್ತಾರೆ. ಕೋಳಿ, ನಾಯಿ ಎರಡನ್ನೂ ಒಟ್ಟಿಗೆ ಸಾಕಿದವರು ದಯವಿಟ್ಟು ಹೇಳಿ.

ಬಾಗಲಕೋಟೆಯವ:
ಅಕ್ಕಾರ, ಮುಧೋಳ ನಾಯಿ ನಮ್ಮ ಕಡೆಯ ಹೆಮ್ಮೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಇದೆ. ಆದರೂ ನಿಮ್ಮ ತೋಟಕ್ಕೆ ಅದನ್ನೇ ತನ್ನಿ ಅಂತ ನಾನು ಹೇಳುವುದಿಲ್ಲ. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಮೊಲ ಎದ್ದು ಓಡಿದರೆ ಬೆನ್ನು ಹತ್ತಬೇಕು ಅಂತಲೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು. ಕೋಳಿ ಸುಮ್ಮನೆ ಕೆದಕುತ್ತಿದ್ದರೆ ಅದು ತನ್ನ ಪಾಡಿಗೆ ಮಲಗಿರುತ್ತದೆ. ಅದೇ ಕೋಳಿ ರೆಕ್ಕೆ ಬಡಿದು ಓಡಿದರೆ, ನೀವು ಕೂಗುವಷ್ಟರಲ್ಲಿ ನಾಯಿ ಅಲ್ಲಿ ಮುಟ್ಟಿರುತ್ತದೆ. ಆ ವೇಗದ ನಾಯಿಯನ್ನು ಹಿಂದಕ್ಕೆ ಕರೆಯುವುದು ಸುಲಭ ಅಲ್ಲ.

ಹಾಗಂತ ಆಗುವುದೇ ಇಲ್ಲ ಅಂತಲ್ಲ. ನಮ್ಮ ಊರಲ್ಲಿ ಕೋಳಿಗಳ ನಡುವೆಯೇ ಬೆಳೆದ ಮುಧೋಳ ನಾಯಿಗಳಿವೆ. ಅವು ತಮ್ಮ ಮನೆ ಕೋಳಿ ಮುಟ್ಟುವುದಿಲ್ಲ. ಪಕ್ಕದ ಮನೆ ಕೋಳಿಯ ಭರವಸೆ ಯಾರೂ ಕೊಡಲಾರರು. ಅದೇ ತಳಿ ಬೇಕು ಅಂದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ವಿಚಾರಿಸಿ.

ಹಾಸನದ ಪಶುವೈದ್ಯೆ:
ಮೇಲಿನವರು ಹೇಳಿದ್ದು ಸರಿಯಾಗಿದೆ. ಅದಕ್ಕೆ ಸ್ವಲ್ಪ ಸೇರಿಸುತ್ತೇನೆ.

ನಾಯಿಯ ಬೇಟೆ ಒಂದೇ ಕೆಲಸ ಅಲ್ಲ, ಹಲವು ಹಂತಗಳ ಸರಪಳಿ. ಕಾಣುವುದು, ದಿಟ್ಟಿಸುವುದು, ಹೊಂಚು ಹಾಕುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಹರಿದು ತಿನ್ನುವುದು. ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು. ತೋಳದಲ್ಲಿ ಸರಪಳಿ ಪೂರ್ತಿ ಇದೆ. ಸಾಕುನಾಯಿಗಳಲ್ಲಿ ತಳಿಗೊಂದು ಕೊಂಡಿ ಗಟ್ಟಿ, ಇನ್ನೊಂದು ಸಡಿಲ. ಕುರಿ ಮೇಯಿಸುವ ಕಾಲಿ (collie) ತಳಿಯ ನಾಯಿಗಳಲ್ಲಿ ದಿಟ್ಟಿಸುವುದು, ಅಟ್ಟುವುದು ಜಾಸ್ತಿ, ಕಚ್ಚುವುದು ಕಡಿಮೆ. ಲ್ಯಾಬ್ರಡಾರನ್ನು ಬೆಳೆಸಿದ್ದೇ ಗುಂಡು ತಾಗಿದ ಹಕ್ಕಿಯನ್ನು ಬಾಯಲ್ಲಿ ಕಚ್ಚಿ ತರಲು. ಅದು ಕೋಳಿಯನ್ನು ಗಾಯ ಮಾಡದೆ ಎತ್ತಿಕೊಂಡು ಬಂದು ನಿಮ್ಮ ಕಾಲಬಳಿ ಇಡಬಹುದು. ಆದರೆ ಕೋಳಿ ಹೆದರಿಕೆಗೇ ಸತ್ತಿರಬಹುದು.

ನಮ್ಮಲ್ಲಿ ಮನೆಮನೆಯಲ್ಲಿ ಕಾಣುವ ಡ್ಯಾಶ್‌ಹುಂಡ್ ಬಗ್ಗೆ ಎಚ್ಚರ ಇರಲಿ. ಗಿಡ್ಡ ಕಾಲು, ಮುದ್ದು ಮುಖ ನೋಡಿ ಮೋಸ ಹೋಗಬೇಡಿ. ಬಿಲದೊಳಗೆ ನುಗ್ಗಿ ಪ್ರಾಣಿ ಹಿಡಿಯಲು ಬೆಳೆಸಿದ ತಳಿ ಅದು. ಟೆರಿಯರ್‌ಗಳೂ ಹಾಗೆಯೇ. ಹಸ್ಕಿಯಂತೂ ಬೇಡವೇ ಬೇಡ. ಅದಕ್ಕೆ ನಮ್ಮ ಸೆಕೆಯೂ ಆಗದು, ಕೋಳಿಯೂ ಆಗದು.

ಇನ್ನೊಂದು ಮಾತು. "ಹೊಟ್ಟೆ ತುಂಬ ಹಾಕಿದರೆ ಕೋಳಿ ಹಿಡಿಯಲ್ಲ" ಅಂತ ತುಂಬಾ ಜನ ನಂಬಿದ್ದಾರೆ. ಹಸಿವಿಗೂ ಅಟ್ಟುವುದಕ್ಕೂ ಸಂಬಂಧ ಕಡಿಮೆ. ಅಟ್ಟುವುದರಲ್ಲೇ ನಾಯಿಗೆ ಖುಷಿ ಸಿಗುತ್ತದೆ. ಅದಕ್ಕೇ ಒಮ್ಮೆ ನುಗ್ಗಿದ ನಾಯಿ ಹತ್ತಾರು ಕೋಳಿ ಕೊಂದು ಒಂದನ್ನೂ ತಿನ್ನದೆ ಬಿಟ್ಟಿರುತ್ತದೆ. ಅದು ಕ್ರೌರ್ಯ ಅಲ್ಲ. ಪ್ರತಿ ಕೋಳಿ ಓಡಿದಾಗಲೂ ಆಟ ಹೊಸದಾಗಿ ಶುರುವಾಗುತ್ತದೆ, ಅಷ್ಟೇ.

ಚಳ್ಳಕೆರೆ ಕುರಿಹಟ್ಟಿ:
ಡಾಕ್ಟ್ರೇ, ನೀವು ಹೇಳಿದ್ದು ನಮಗೆ ದಿನಾ ಕಾಣುತ್ತದೆ. ನಮ್ಮ ಹಟ್ಟಿ ನಾಯಿಗಳಿಗೆ ಯಾರೂ ತರಬೇತಿ ಕೊಡುವುದಿಲ್ಲ. ಮರಿ ಹುಟ್ಟುವುದೇ ಕುರಿಗಳ ನಡುವೆ. ಕಣ್ಣು ಬಿಟ್ಟಾಗ ಮೊದಲು ಕಾಣುವುದು ಕುರಿ, ಮೂಗಿಗೆ ಬರುವುದು ಕುರಿಯ ವಾಸನೆ. ಕುರಿಮರಿಗಳ ಜೊತೆ ಮಲಗುತ್ತದೆ. ದೊಡ್ಡ ಕುರಿ ಒಮ್ಮೆ ಗುದ್ದಿದರೆ ಬುದ್ಧಿ ಕಲಿಯುತ್ತದೆ. ಹಟ್ಟಿಯ ಹಿಂದೆಯೇ ಕೋಳಿಗಳೂ ಇರುತ್ತವೆ. ಅವೂ ಅದಕ್ಕೆ ಮನೆಯವರೇ.

ಹಾಗಾಗಿ ತಳಿ ಕೇಳುವ ಮೊದಲು ತಾಯಿ ನಾಯಿ ಎಲ್ಲಿದೆ ಅಂತ ಕೇಳಿ, ಅಮ್ಮ. ನಿಮ್ಮ ಅತ್ತೆಯವರ ಮಾತು ನನಗೆ ಸರಿ ಅನ್ನಿಸುತ್ತದೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಮರಿ ಬೇರೆ, ಕೋಳಿ ಸಾಕಿದ ಮನೆಯ ಅಂಗಳದಲ್ಲಿ ಹುಟ್ಟಿದ ಮರಿ ಬೇರೆ. ತಾಯಿ ನಾಯಿಯ ಮುಂದೆ ಕೋಳಿ ಓಡಾಡುವುದನ್ನು ನಿಂತು ನೋಡಿ. ಅದು ತಲೆ ಎತ್ತಿ ನೋಡಿ ಮತ್ತೆ ಮಲಗಿತಾ? ಅದರ ಮರಿ ತನ್ನಿ.

ಕುಂದಾಪುರ ಅಂಗಳ:
ಒಂದು ವಿಷಯ ಯಾರೂ ಹೇಳಲಿಲ್ಲ. ನಾಯಿಗೆ ಕೋಳಿ ಅಟ್ಟಲು ಕಲಿಸುವವರು ಎಷ್ಟೋ ಸಲ ಮನೆಯವರೇ.

ಅಂಗಳದಲ್ಲಿ ಅಡಿಕೆ ಹರಡಿರುತ್ತೇವೆ, ಭತ್ತ ಒಣಗಲು ಹಾಕಿರುತ್ತೇವೆ, ಹಪ್ಪಳ ಇಟ್ಟಿರುತ್ತೇವೆ. ಕೋಳಿ ಬಂದು ಕೆದಕುತ್ತದೆ. ಆಗ ಜಗಲಿಯಲ್ಲಿ ಕೂತವರು ಏನು ಮಾಡುತ್ತಾರೆ? "ಛೂ, ಹಿಡಿ!" ಅಂತ ನಾಯಿ ಬಿಡುತ್ತಾರೆ. ನಾಯಿ ಓಡುತ್ತದೆ, ಕೋಳಿ ಕಿರುಚಿಕೊಂಡು ಹಾರುತ್ತದೆ, ಮಕ್ಕಳು ನಗುತ್ತಾರೆ, ನಾಯಿಗೆ "ಭೇಷ್" ಸಿಗುತ್ತದೆ. ಮುಂದಿನ ವಾರ ಅದೇ ನಾಯಿ ಹೇಂಟೆ ಕಚ್ಚಿದರೆ ಬಡಿಗೆಯ ಪೆಟ್ಟು. ಅದಕ್ಕೆ ಏನು ಅರ್ಥ ಆಗಬೇಕು ಹೇಳಿ? ಅಂಗಳದಿಂದ ಓಡಿಸುವುದು ಸರಿ, ಹಿಡಿಯುವುದು ತಪ್ಪು ಅನ್ನುವ ಗೆರೆ ನಾಯಿಯ ತಲೆಯಲ್ಲಿ ಇರುವುದಿಲ್ಲ.

ನಮ್ಮ ಮನೆಯಲ್ಲಿ ಈ "ಛೂ" ಪೂರ್ತಿ ನಿಲ್ಲಿಸಿದ್ದೇವೆ. ಒಣಗಲು ಹಾಕಿದ್ದಕ್ಕೆ ಹಳೆಯ ಮೀನುಬಲೆ ಹೊದಿಸುತ್ತೇವೆ. ಕೋಳಿ ಓಡಿಸಬೇಕಾದರೆ ನಾವೇ ಎದ್ದು ಹೋಗುತ್ತೇವೆ. ನೆಂಟರ ಮಕ್ಕಳು ಬಂದಾಗ ಮೊದಲು ಹೇಳುವ ಮಾತೇ ಇದು.

ಕೊಪ್ಪದ ತೋಟ:
ಕುಂದಾಪುರದವರೇ, ಇದು ನಮ್ಮ ಮನೆಯದೇ ಚಿತ್ರ. ಅಡಿಕೆ ಸುಗ್ಗಿಯಲ್ಲಿ ನಮ್ಮ ಮಾವ ದಿನಕ್ಕೆ ಹತ್ತು ಸಲ ಹೀಗೆ ಹೇಳುತ್ತಿದ್ದರು. ಅವರಿಗೂ ಇದನ್ನು ಓದಿ ಹೇಳಿದೆ. "ಹೌದು ಮಾರಾಯ್ತಿ" ಅಂದರು.

ಈಗ ಪಳಗಿಸುವುದು ಹೇಗೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ? ಕೋಳಿ ಕೊಂದ ನಾಯಿಯ ಕೊರಳಿಗೆ ಅದೇ ಸತ್ತ ಕೋಳಿ ಕಟ್ಟಿದರೆ ಮತ್ತೆ ಮುಟ್ಟಲ್ಲ ಅಂತಾರಲ್ಲ, ಅದು ನಿಜವಾ?

ಹಾಸನದ ಪಶುವೈದ್ಯೆ:
ಕೊನೆಯದಕ್ಕೆ ಮೊದಲು ಉತ್ತರ. ದಯವಿಟ್ಟು ಹಾಗೆ ಮಾಡಬೇಡಿ. ಕೊಂದು ಎಷ್ಟೋ ಹೊತ್ತಾದ ಮೇಲೆ ಕೊರಳಿಗೆ ಬಿದ್ದ ಹೊರೆಗೂ ತಾನು ಮಾಡಿದ್ದಕ್ಕೂ ನಾಯಿ ಸಂಬಂಧ ಕಟ್ಟುವುದಿಲ್ಲ. ಕೊಳೆಯುವ ಹೆಣ, ನೊಣ, ಹುಳು, ಇಷ್ಟೇ ಉಳಿಯುವುದು. ಅದು ಹಿಂಸೆ. ಕರೆಂಟ್ ಹೊಡೆಯುವ ಕಾಲರ್ ಕೂಡ ಬೇಡ. ಆ ನೋವನ್ನು ನಾಯಿ ಎದುರಿಗಿದ್ದ ಕೋಳಿಗೆ ಅಂಟಿಸಿಕೊಂಡರೆ ಇನ್ನಷ್ಟು ಕೆರಳಬಹುದು, ಪಕ್ಕದಲ್ಲಿ ನಿಂತ ಮಗುವಿಗೆ ಅಂಟಿಸಿಕೊಂಡರೆ ಇನ್ನೂ ಅಪಾಯ.

ತಿಪಟೂರು ತೆಂಗು:
ಪಳಗಿಸುವ ಬಗ್ಗೆ ನಾನು ಬರೆಯುತ್ತೇನೆ. ನಮ್ಮಲ್ಲಿ ಕೋಳಿ ಜೊತೆ ಬೆಳೆದ ನಾಯಿಗಳು ಇವೆ, ಪೂರ್ತಿ ಬೆಳೆದ ಮೇಲೆ ಬಂದು ಕಲಿತ ನಾಯಿಯೂ ಇದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮರಿ ತರುವುದಾದರೆ ಎರಡು ತಿಂಗಳಾದ ಮೇಲೆ ತನ್ನಿ. ಹುಟ್ಟಿ ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ನೋಡಿದ್ದು, ಮೂಸಿದ್ದು ಎಲ್ಲ "ನನ್ನ ಲೋಕದ್ದು" ಅಂತ ಮರಿಯ ಮನಸ್ಸಲ್ಲಿ ಕೂರುತ್ತದೆ. ಆ ಅವಧಿ ತಪ್ಪಿಸಬೇಡಿ. ಆದರೆ ಮೊದಲ ದಿನವೇ ಕೋಳಿಗಳ ನಡುವೆ ಬಿಡುವುದಲ್ಲ. ಮಧ್ಯೆ ಬಲೆ ಇರಲಿ. ಕೋಳಿ ಆಚೆ, ಮರಿ ಈಚೆ. ಮರಿಯ ಊಟ ಬಲೆಯ ಹತ್ತಿರವೇ ಹಾಕಿ. ಮೊದಲು ದೂರ, ದಿನ ಕಳೆದಂತೆ ಹತ್ತಿರ. ಕೋಳಿ ಆಚೆ ನುಚ್ಚು ಹೆಕ್ಕುತ್ತಿರಬೇಕು, ಮರಿ ಈಚೆ ಮುದ್ದೆ ತಿನ್ನುತ್ತಿರಬೇಕು. ಅದು ಕೋಳಿ ನೋಡಿ, ಆಮೇಲೆ ತಾನಾಗಿ ಮುಖ ತಿರುಗಿಸಿ ನಿಮ್ಮ ಕಡೆ ನೋಡುತ್ತದಲ್ಲ, ಆ ಕ್ಷಣಕ್ಕೆ ಒಂದು ಚೂರು ಒಳ್ಳೆಯ ತಿಂಡಿ ಕೊಡಿ. ಇಡೀ ತರಬೇತಿಯ ಜೀವ ಇರುವುದು ಆ ಮುಖ ತಿರುಗಿಸುವುದರಲ್ಲಿ. ಕೋಳಿ ಬಿಟ್ಟು ನಿಮ್ಮನ್ನು ನೋಡಿದರೆ ಲಾಭ ಅಂತ ಅದಕ್ಕೆ ಗೊತ್ತಾಗಬೇಕು.

"ಬಿಡು" ಅನ್ನುವ ಮಾತನ್ನು ಮನೆಯೊಳಗೇ ಕಲಿಸಿ. ಮುಷ್ಟಿಯಲ್ಲಿ ತಿಂಡಿ ಹಿಡಿಯಿರಿ. ಮರಿ ನೆಕ್ಕುತ್ತದೆ, ಕೆರೆಯುತ್ತದೆ, ಕೊನೆಗೆ ಬೇಸತ್ತು ಹಿಂದೆ ಸರಿಯುತ್ತದೆ. ಸರಿದ ತಕ್ಷಣ "ಬಿಡು" ಅನ್ನಿ, ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದು ಕೊಡಿ. ಮುಷ್ಟಿಯಿಂದ ನೆಲಕ್ಕೆ, ನೆಲದಿಂದ ಉರುಳುವ ಚೆಂಡಿಗೆ, ಚೆಂಡಿನಿಂದ ಒಣಮೀನಿಗೆ ಹೀಗೆ ಕಷ್ಟ ಏರಿಸುತ್ತಾ ಹೋಗಿ. ಉರುಳುವ ಚೆಂಡನ್ನು "ಬಿಡು" ಅಂದರೆ ಬಿಡದ ಮರಿ, ಓಡುವ ಕೋಳಿಯನ್ನು ಬಿಡುತ್ತದಾ? ಇಲ್ಲ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಒಬ್ಬರು "ಬಿಡು", ಇನ್ನೊಬ್ಬರು "ಹಚಾ", ಮಗ "ನೋ" ಅಂದರೆ ಅದಕ್ಕೆ ಏನೂ ದಕ್ಕುವುದಿಲ್ಲ.

ಆಮೇಲೆ ಬಲೆ ದಾಟಿ ಒಳಗೆ. ಐದಾರು ಮೀಟರ್ ಹಗ್ಗ ಇರಲಿ. ಕೊರಳಿಗೆ ಬೇಡ, ಎದೆಪಟ್ಟಿಗೆ ಕಟ್ಟಿ. ನುಗ್ಗಿದಾಗ ಕತ್ತಿಗೆ ಪೆಟ್ಟಾಗಬಾರದು. ಮೊದಮೊದಲು ಕೋಳಿ ಮಬ್ಬಾಗಿ ಕೂತಿರುವ ಮಧ್ಯಾಹ್ನದ ಹೊತ್ತು ಆರಿಸಿ. ಬೆಳಗ್ಗೆ ಗೂಡು ತೆಗೆದಾಗ ಎಲ್ಲ ಒಟ್ಟಿಗೆ ರೆಕ್ಕೆ ಬಡಿದು ಹಾರುತ್ತವಲ್ಲ, ಆ ಹೊತ್ತು ಕೊನೆಗೆ ಇರಲಿ. ಅದು ಅತಿ ಕಷ್ಟದ ಪರೀಕ್ಷೆ.

ನಾಯಿಯ ಮೈ ನೋಡಲು ಕಲಿಯಿರಿ. ಬಾಯಿ ಸಡಿಲ, ಬಾಲ ಆಡುತ್ತಿದೆ, ನೆಲ ಮೂಸುತ್ತಿದೆ ಅಂದರೆ ಚಿಂತೆ ಇಲ್ಲ. ಬಾಯಿ ಮುಚ್ಚಿತು, ಕಿವಿ ಮುಂದಾಯಿತು, ಬಾಲ ನಿಂತಿತು, ಒಂದು ಕಾಲು ಎತ್ತಿ ಕಲ್ಲಾಗಿ ನಿಂತಿತು ಅಂದರೆ ಅದಾಗಲೇ ದಿಟ್ಟಿಸುವ ಹಂತದಲ್ಲಿದೆ. ಕರೆದು ಹಿಂದೆ ಸರಿಸಬೇಕಾದದ್ದು ಆಗಲೇ. ಓಡಲು ಶುರುಮಾಡಿದ ಮೇಲೆ ಕೂಗಿ ಏನು ಉಪಯೋಗ? ಕರೆದರೂ ಕಿವಿಗೆ ಬೀಳುತ್ತಿಲ್ಲ ಅಂದರೆ ನೀವು ತುಂಬಾ ಹತ್ತಿರ ಬಂದಿದ್ದೀರಿ. ಹತ್ತು ಹೆಜ್ಜೆ ಹಿಂದೆ ಹೋಗಿ ಮತ್ತೆ ಶುರುಮಾಡಿ.

ಸಕಲೇಶಪುರ ಕಾಫಿ:
ತಿಪಟೂರಿನ ಅಣ್ಣ, ಎಷ್ಟು ಚೆನ್ನಾಗಿ ಹೇಳಿದಿರಿ. ಮರಿ ಹಾಕಿದ ಹೇಂಟೆಯೂ ಒಳ್ಳೆಯ ಮೇಷ್ಟ್ರು ಅಲ್ವಾ? ನಮ್ಮಲ್ಲಿ ಪ್ರತಿ ನಾಯಿಮರಿಗೂ ಮೊದಲ ಪಾಠ ಅದರಿಂದಲೇ. ಗರಿ ಕೆದರಿಕೊಂಡು ಬಂದು ಮೂಗಿಗೆ ಕುಟುಕಿದರೆ ಮರಿ ತಿಂಗಳುಗಟ್ಟಲೆ ಕೋಳಿ ಕಂಡರೆ ಸುತ್ತು ಹಾಕಿ ಹೋಗುತ್ತದೆ.

ತಿಪಟೂರು ತೆಂಗು:
ನಿಜ, ಆದರೆ ಹುಷಾರು. ಕೊಕ್ಕು ಕಣ್ಣಿಗೆ ತಾಗಬಹುದು. ಕೆಲವು ಗಟ್ಟಿ ಮರಿಗಳು ಪೆಟ್ಟು ತಿಂದು ಹೆದರುವ ಬದಲು ಸಿಟ್ಟಾಗುತ್ತವೆ. ನೀವು ಪಕ್ಕದಲ್ಲೇ ನಿಂತಿದ್ದರೆ ಮಾತ್ರ ಆ ಪಾಠ ಆಗಲಿ.

ಇನ್ನೊಂದು ಹೇಳಬೇಕಿತ್ತು. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಜಾಸ್ತಿ ಎಚ್ಚರ ಬೇಕು. ಅಷ್ಟರವರೆಗೆ ದೇವರಂಥ ಮರಿ ಆಗಿದ್ದದ್ದು ಇದ್ದಕ್ಕಿದ್ದಂತೆ ಕೋಳಿ ಜೊತೆ ಆಟಕ್ಕೆ ಇಳಿಯುತ್ತದೆ. ಮುಂಗಾಲು ಚಾಚಿ ಬಗ್ಗುತ್ತದೆ, ಪುಕ್ಕ ಎಳೆಯುತ್ತದೆ. ಅದಕ್ಕೆ ಆಟ, ಕೋಳಿಗೆ ಸಾವು. ಜನ "ಕಲಿತಾಗಿದೆ" ಅಂತ ಹಗ್ಗ ಬಿಚ್ಚುವುದು ಇದೇ ವಯಸ್ಸಿನಲ್ಲಿ. ಬಿಚ್ಚಬೇಡಿ. ಎರಡು ವರ್ಷ ತುಂಬುವವರೆಗೆ ಕೋಳಿ ಜೊತೆ ನಾಯಿಯನ್ನು ಒಂಟಿಯಾಗಿ ಬಿಟ್ಟು ಪೇಟೆಗೆ ಹೋಗಬೇಡಿ. ಒಟ್ಟಿಗೆ ಎರಡು ಮರಿ ತರುವುದೂ ಬೇಡ. ಒಂದೊಂದೇ ಇದ್ದಾಗ ಸಾಧುವಾಗಿದ್ದವು ಜೊತೆಯಾದಾಗ ಬೇರೆಯೇ ನಾಯಿಗಳು.

ಮೆಲ್ಬರ್ನ್ ಕನ್ನಡತಿ:
ಇಲ್ಲಿಯ ಒಂದು ಕತೆ ಹೇಳಲೇಬೇಕು. ಮೆಲ್ಬರ್ನ್‌ನಿಂದ ಸುಮಾರು 260 ಕಿ.ಮೀ. ಪಶ್ಚಿಮಕ್ಕೆ ವಾರ್ನಾಂಬೂಲ್ ಅನ್ನುವ ಊರಿದೆ. ಅದರ ದಡದಲ್ಲಿ ಮಿಡಲ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪ, ಅದರಲ್ಲಿ ಪುಟಾಣಿ ಪೆಂಗ್ವಿನ್‌ಗಳು. ನೀರು ಇಳಿದಾಗ ನರಿಗಳು ದಾಟಿ ಹೋಗಿ ಪೆಂಗ್ವಿನ್‌ಗಳನ್ನು ಕೊಲ್ಲುತ್ತಿದ್ದವು. ನೂರಾರು ಇದ್ದವು 2005ರ ಹೊತ್ತಿಗೆ ಹತ್ತಕ್ಕಿಂತ ಕಡಿಮೆಯಾದವು. 2006ರಲ್ಲಿ ಅಲ್ಲಿಗೆ ಮರೆಮ್ಮಾ ಎಂಬ ಇಟಲಿಯ ಕಾವಲು ನಾಯಿಗಳನ್ನು ಬಿಟ್ಟರು. ಆ ಉಪಾಯ ಹೊಳೆದದ್ದು ಒಬ್ಬ ಕೋಳಿ ರೈತನಿಂದ! ಬಯಲಲ್ಲಿ ಬಿಟ್ಟು ಸಾಕಿದ ಕೋಳಿಗಳನ್ನು ಅವನ ಮರೆಮ್ಮಾಗಳು ನರಿಯಿಂದ ಕಾಯುತ್ತಿದ್ದವು. ಆಮೇಲೆ ಪೆಂಗ್ವಿನ್‌ಗಳ ಸಂಖ್ಯೆ ಮತ್ತೆ ನೂರು ದಾಟಿತು.

ಅದಕ್ಕೆಂದು ಯಾರೂ ಊರಲ್ಲಿ ಮರೆಮ್ಮಾ ಹುಡುಕಬೇಡಿ. ಅದು ದಪ್ಪ ಕೂದಲಿನ ನಾಯಿ, ನಮ್ಮ ಬೇಸಿಗೆ ಅದಕ್ಕೆ ಶಿಕ್ಷೆ. ನಾನು ಇದನ್ನು ಹೇಳಿದ್ದು ಒಂದೇ ಕಾರಣಕ್ಕೆ. ಮೇಲೆ ಚಳ್ಳಕೆರೆಯವರು ಹೇಳಿದ ಹಾಗೆ, ಮರಿಯಿಂದಲೇ ಜೊತೆಗೆ ಬೆಳೆದರೆ ನಾಯಿ ಹಕ್ಕಿಯನ್ನು ಕಾಯುವಷ್ಟೂ ಹತ್ತಿರವಾಗಬಲ್ಲದು.

ಸಕಲೇಶಪುರ ಕಾಫಿ:
ಮಲೆನಾಡಿನವರಿಗೆ ಒಂದು ಮಾತು. ಕೋಳಿ ಕಾಯಲಿ ಅಂತ ರಾತ್ರಿ ನಾಯಿಯನ್ನು ಗೂಡಿನ ಹತ್ತಿರ ಸರಪಳಿಯಲ್ಲಿ ಕಟ್ಟಬೇಡಿ. ಚಿರತೆಗೆ ನಾಯಿ ಅಂದರೆ ಇಷ್ಟದ ಊಟ. ಕಟ್ಟಿದ ನಾಯಿ ಓಡಲೂ ಆಗದು. ನಮ್ಮ ಸುತ್ತಮುತ್ತ ಹಾಗೆ ಹೋದ ನಾಯಿಗಳು ಎಷ್ಟೋ. ರಾತ್ರಿ ಕೋಳಿಯ ರಕ್ಷಣೆ ಗೂಡಿನ ಕೆಲಸ. ಕೆಳಗೆ ಕಲ್ಲು ಅಥವಾ ಸಿಮೆಂಟು, ಸುತ್ತ ಸಣ್ಣ ಕಣ್ಣಿನ ಗಟ್ಟಿ ಬಲೆ, ಮೇಲೂ ಮುಚ್ಚಿರಬೇಕು, ಬಾಗಿಲಿಗೆ ಚಿಲಕ. ಮುಂಗುಸಿ ತೋಡಿ ಬರುತ್ತದೆ, ಕೇರೆ ಹಾವು ಸಂದಿಯಲ್ಲಿ ನುಸುಳುತ್ತದೆ. ನಾಯಿ ರಾತ್ರಿ ಜಗಲಿಯ ಒಳಗೆ ಅಥವಾ ಭದ್ರವಾದ ಬೋನಿನಲ್ಲಿ ಮಲಗಲಿ. ಅಲ್ಲಿಂದಲೇ ಬೊಗಳಿದರೆ ಸಾಕು, ನಾವು ಏಳುತ್ತೇವೆ.

ದೇವನಹಳ್ಳಿ ಸೈಟು:
ನನ್ನ ಪರಿಸ್ಥಿತಿ ಬೇರೆ. ನಮ್ಮ ನಾಲ್ಕು ವರ್ಷದ ನಾಯಿ ಈಗಾಗಲೇ ಕೋಳಿ ಕೊಂದಿದೆ, ಒಂದಲ್ಲ, ಹಲವು. ಬೇಲಿ ಹಾರಿ ಹೋಗುತ್ತದೆ. ಅಕ್ಕಪಕ್ಕದವರಿಗೆ ದುಡ್ಡು ಕೊಟ್ಟು ಸಾಕಾಗಿದೆ. ಕೆಲವರು ದೂರ ತೆಗೆದುಕೊಂಡು ಹೋಗಿ ಬಿಟ್ಟುಬಿಡಿ ಅಂತಾರೆ. ಮನಸ್ಸು ಬರುತ್ತಿಲ್ಲ. ಅದನ್ನು ತಿದ್ದಲು ಆಗುತ್ತದಾ?

ತಿಪಟೂರು ತೆಂಗು:
ಬಿಡಬೇಡಿ ಸರ್, ದಯವಿಟ್ಟು. ಸಾಕಿದ ನಾಯಿಯನ್ನು ಗೊತ್ತಿಲ್ಲದ ಊರಲ್ಲಿ ಬಿಟ್ಟರೆ ಅದು ಹಸಿವಿಗೆ ಅಥವಾ ಬೀದಿ ನಾಯಿಗಳ ಕಡಿತಕ್ಕೆ ಸಾಯುತ್ತದೆ. ಬದುಕಿದರೆ ಅಲ್ಲಿಯ ಕೋಳಿ ಹಿಡಿಯುತ್ತದೆ.

ನಿಜ ಹೇಳುತ್ತೇನೆ, ಕೊಂದು ರೂಢಿಯಾದ ನಾಯಿಯನ್ನು ಕೋಳಿ ಜೊತೆ ಒಂಟಿಯಾಗಿ ಬಿಡುವ ಮಟ್ಟಕ್ಕೆ ತರುವುದು ಹೆಚ್ಚುಕಡಿಮೆ ಆಗದ ಮಾತು. ಹಗ್ಗದಲ್ಲಿ ನಿಮ್ಮ ಜೊತೆ ನಡೆಯುವಾಗ ಕೋಳಿ ನೋಡಿ ಸುಮ್ಮನಿರುವುದನ್ನು ಕಲಿಸಬಹುದು. ಅದನ್ನು ಕಲಿಸಿ. ಉಳಿದದ್ದಕ್ಕೆ ಬೇಲಿಯೇ ಗತಿ. ಆರಡಿ ಎತ್ತರ, ಮೇಲ್ತುದಿ ಒಳಕ್ಕೆ ಬಾಗಿರಲಿ, ಬುಡ ಮಣ್ಣಲ್ಲಿ ಹೂತಿರಲಿ. ಹೊರಗೆ ಕರೆದುಕೊಂಡು ಹೋಗುವಾಗ ಬುಟ್ಟಿಯಂಥ ಮಜಲ್ (ಬಾಯಿಕುಕ್ಕೆ) ಹಾಕಿ. ಅದರಲ್ಲಿ ನಾಯಿ ನೀರು ಕುಡಿಯಬಹುದು, ಬಾಯಿ ತೆರೆದು ಏದುಸಿರು ಬಿಡಬಹುದು. ಬಾಯಿ ಬಿಗಿದು ಕಟ್ಟುವ ಬಟ್ಟೆಯದ್ದು ಬೇಡ. ದಿನಾ ಬೆಳಗ್ಗೆ, ಸಂಜೆ ಚೆನ್ನಾಗಿ ಓಡಿಸಿ, ಚೆಂಡು ಎಸೆಯಿರಿ. ಅಟ್ಟುವ ಆಸೆಗೆ ಒಂದು ದಾರಿ ಬೇಕಲ್ಲ. ಇದು ಆಗದಿದ್ದರೆ ಕೋಳಿ ಇಲ್ಲದ ಕಡೆ, ಗೊತ್ತಿರುವ ಒಳ್ಳೆಯ ಮನೆ ಹುಡುಕಿ ಕೊಡಿ. ಅವರಿಗೆ ವಿಷಯ ಮುಚ್ಚಿಡಬೇಡಿ.

ಕುಂದಾಪುರ ಅಂಗಳ:
ಕೋಳಿ ಕೊಯ್ದಾಗ ತಲೆ, ಕರುಳು ನಾಯಿಗೆ ಎಸೆಯುತ್ತಾರಲ್ಲ, ಅದರಿಂದ ರುಚಿ ಹತ್ತುತ್ತದೆ ಅಂತ ನಮ್ಮ ಅಮ್ಮ ಬೈಯುತ್ತಾರೆ. ಡಾಕ್ಟರ್ ಏನು ಹೇಳುತ್ತೀರಿ?

ಹಾಸನದ ಪಶುವೈದ್ಯೆ:
ಅಮ್ಮ ಬೈಯುವುದು ಸರಿ. ಬೇಯಿಸಿದ ಕೋಳಿ ಮಾಂಸ ತಟ್ಟೆಯಲ್ಲಿ ಹಾಕಿದರೆ ನಾಯಿ ಅದನ್ನು ಅಂಗಳದ ಕೋಳಿಗೆ ಹೋಲಿಸುವುದಿಲ್ಲ. ಬೇಯಿಸಿದ ಎಲುಬು ಮಾತ್ರ ಹಾಕಬೇಡಿ, ಅದು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಆದರೆ ಪುಕ್ಕ ಇರುವ ಬಿಸಿ ತಲೆಯನ್ನು, ಬೇರೆ ಕೋಳಿಗಳು ಓಡಾಡುವ ಅಂಗಳದಲ್ಲೇ ಎಸೆದರೆ ಪುಕ್ಕ ಅಂದರೆ ಊಟ ಅಂತ ಅದು ಕಲಿಯುವುದರಲ್ಲಿ ಆಶ್ಚರ್ಯ ಇಲ್ಲ. ಕೊಯ್ದ ಕಸ ಹೂಳಿ.

ಕೊಕ್ಕರೆ ರೋಗ ಬಂದು ಸತ್ತ ಕೋಳಿಯನ್ನೂ ನಾಯಿಗೆ ಹಾಕಬಾರದು. ಆಳ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು. ಇಲ್ಲದಿದ್ದರೆ ನಾಯಿ ಅದನ್ನು ಎಳೆದಾಡಿ ರೋಗವನ್ನು ಕೇರಿಯೆಲ್ಲ ಹರಡುತ್ತದೆ. ಮೊಟ್ಟೆಯನ್ನು ಬೆಳಗ್ಗೆ ಬೇಗ ಎತ್ತಿ. ಮೊಟ್ಟೆಯ ರುಚಿ ಹತ್ತಿದ ನಾಯಿ ಕಾವು ಕೂತ ಹೇಂಟೆಯನ್ನೂ ಎಬ್ಬಿಸುತ್ತದೆ. ಮೊಟ್ಟೆಯಿಡುವ ಬುಟ್ಟಿ ನೆಲದಿಂದ ಮೇಲಿರಲಿ.

ಒಂದು ಅಪಾಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಅಂಗಡಿಯಿಂದ ತರುವ ಕೆಲವು ಕೋಳಿ ಫೀಡಿನಲ್ಲಿ ರಕ್ತಭೇದಿ ತಡೆಯಲು ಮೊನೆನ್ಸಿನ್‌ನಂಥ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಅದು ಒಳ್ಳೆಯದೇ. ನಾಯಿಗೆ ವಿಷ. ಹಿಂಗಾಲು ಸೋಲುತ್ತದೆ, ಏಳಲಾಗುವುದಿಲ್ಲ. ಫೀಡಿನ ಚೀಲ ಮುಚ್ಚಳ ಇರುವ ಡ್ರಮ್ಮಿನಲ್ಲಿ ಇಡಿ. ಹಾಗೆ ಕಾಲು ಸೋತರೆ ಚೀಲದ ಚೀಟಿಯನ್ನೂ ಹಿಡಿದುಕೊಂಡು ಪಶು ಆಸ್ಪತ್ರೆಗೆ ಓಡಿ.

ಕೊಪ್ಪದ ತೋಟ:
ಎಲ್ಲರಿಗೂ ತುಂಬಾ ಧನ್ಯವಾದ. ಶೃಂಗೇರಿ ರಸ್ತೆಯಲ್ಲಿ ನಮ್ಮ ದೂರದ ನೆಂಟರ ಮನೆ ಇದೆ. ಅವರದ್ದೂ ಬಿಟ್ಟು ಸಾಕಿದ ಕೋಳಿ. ಅಲ್ಲಿಯ ಊರ ನಾಯಿ ಮರಿ ಹಾಕಿದೆಯಂತೆ. ಚಳ್ಳಕೆರೆಯವರು ಹೇಳಿದ ಹಾಗೆ ತಾಯಿಯನ್ನು ನಿಂತು ನೋಡಿಕೊಂಡು ಬಂದೆವು. ಹುಂಜ ಅದರ ಬಾಲದ ಹತ್ತಿರವೇ ಕೆದಕುತ್ತಿತ್ತು, ಅದು ಕಣ್ಣು ಬಿಟ್ಟು ನೋಡಿ ಮತ್ತೆ ಮಲಗಿತು. ಮಗನೂ ಒಪ್ಪಿದ್ದಾನೆ. ಹೆಣ್ಣುಮರಿ ತರೋಣ ಅಂತಿದ್ದೇವೆ. ಹೆಣ್ಣಾದರೆ ಏನಾದರೂ ತೊಂದರೆ ಇದೆಯಾ? ಮತ್ತೆ ಇಂಜೆಕ್ಷನ್ ಯಾವಾಗ?

ಹಾಸನದ ಪಶುವೈದ್ಯೆ:
ಹೆಣ್ಣು ತನ್ನಿ, ತೊಂದರೆ ಇಲ್ಲ. ಸಂತಾನಹರಣ ಮಾಡಿಸುವುದಾದರೆ ಸರಿಯಾದ ವಯಸ್ಸು ಯಾವುದೆಂದು ನಿಮ್ಮ ವೈದ್ಯರು ಮರಿ ನೋಡಿ ಹೇಳುತ್ತಾರೆ. ಮಾಡಿಸದಿದ್ದರೆ ಬೆದೆಗೆ ಬಂದಾಗ ಊರಿನ ಗಂಡು ನಾಯಿಗಳೆಲ್ಲ ತೋಟಕ್ಕೆ ನುಗ್ಗುತ್ತವೆ. ಅವಕ್ಕೆ ನಿಮ್ಮ ಕೋಳಿಯ ಪರಿಚಯ ಇರುವುದಿಲ್ಲ. ಮರಿ ಬಂದ ಕೂಡಲೇ ಜಂತುಹುಳುವಿನ ಔಷಧಿ ಹಾಕಿಸಿ. ಆರರಿಂದ ಎಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಲಸಿಕೆಯ ಮೊದಲ ಡೋಸು, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಆಮೇಲಿನ ಡೋಸುಗಳ ದಿನ ಚೀಟಿಯಲ್ಲಿ ಬರೆಸಿಕೊಳ್ಳಿ. ಮರಿ ತಂದ ದಿನ ಅದು ಮಲಗುತ್ತಿದ್ದ ಗೋಣಿಚೀಲದ ಒಂದು ತುಂಡನ್ನೂ ಕೇಳಿ ತನ್ನಿ, ರಾತ್ರಿ ಅಳುವುದು ಕಡಿಮೆಯಾಗುತ್ತದೆ.